ಹದಿನೈದು ದಿನ ಒಂದೇ ಹಳ್ಳೀಲಿ ಏನು ಮಾಡ್ತೀರಿ?

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಊರಿಗೆ ಫೋನ್ ಮಾಡಿದಾಗ ಇದೇ ಮಾತುಕತೆ. ರಜೆಗೆ ಎಲ್ಲಿ ಹೋಗಿದ್ರಿ? ಅದೇ ಹಳ್ಳಿಗೆ. ಮತ್ತೆ ಅದೇನಾ? ಹದಿನೈದು ದಿನ ಅಲ್ಲೇನು ಮಾಡ್ತೀರಿ? ಅತ್ತೆ ಕೇಳುತ್ತಾರೆ, ಬೆಂಗಳೂರಿನ ಭಾವ ಕೇಳುತ್ತಾರೆ. ಇಲ್ಲಿ ಪ್ಯಾರಿಸ್‌ನಲ್ಲಿರುವ ಕನ್ನಡದ ಗೆಳತಿಯರೂ ಕೇಳುತ್ತಾರೆ. ಅಷ್ಟು ದಿನದಲ್ಲಿ ಅವರು ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಪ್ರಾಗ್ ಎಲ್ಲ ಮುಗಿಸಿ ಬಂದಿರುತ್ತಾರೆ. ನಾನು "ಸುಮ್ನೆ ಇದ್ವಿ, ಊಟ ಮಾಡಿದ್ವಿ" ಅಂದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ. ಇವರಿಗೇನೋ ದುಡ್ಡಿನ ತಾಪತ್ರಯ ಇರಬೇಕು ಅಂದುಕೊಳ್ಳುತ್ತಾರೋ ಏನೋ.

ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೋಗುವ ಹಳ್ಳಿ ಫ್ರಾನ್ಸಿನ ನೈಋತ್ಯ ಭಾಗದ ದೋರ್ದೋನ್ ಜಿಲ್ಲೆಯಲ್ಲಿದೆ. ಸಾರ್ಲಾ ಎಂಬ ಹಳೆಯ ಪಟ್ಟಣದ ಹತ್ತಿರ. ಪ್ಯಾರಿಸ್‌ನಿಂದ 500 ಕಿ.ಮೀ.ಗೂ ಜಾಸ್ತಿ. ಲಿಮೋಜ್, ಬ್ರೀವ್ ದಾಟಿ ಹೋಗಬೇಕು. ಹಳ್ಳಿಯ ಹೆಸರು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಮುಂದಿನ ವರ್ಷ ನಮಗೇ ಮನೆ ಸಿಗಲಿಕ್ಕಿಲ್ಲ. ನಾವು ನಾಲ್ಕು ಜೋಡಿ, ಎಂಟು ಜನ. ನಾವಿಬ್ಬರು ಬಿಟ್ಟರೆ ಉಳಿದವರೆಲ್ಲ ಫ್ರೆಂಚರು. ಒಬ್ಬಳು ಶಾಲೆಯ ಟೀಚರು, ಒಬ್ಬ ರೈಲ್ವೆಯವನು, ಹೀಗೆ.

ಮನೆಯನ್ನು ಬಾಡಿಗೆಗೆ ಹಿಡಿಯುತ್ತೇವೆ. ಇಂಥ ಹಳ್ಳಿಮನೆಗೆ ಅವರು 'ಝೀತ್' ಅನ್ನುತ್ತಾರೆ. ನಮ್ಮ ಜೀತಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಎಂಟು ಜನರ ಪಾತ್ರೆ ತೊಳೆಯುವ ಸರದಿ ಬಂದ ದಿನ ಸಂಬಂಧ ಇದೆ ಅನ್ನಿಸುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಹಳ್ಳಿ ಬಿಟ್ಟು ಪೇಟೆ ಸೇರುತ್ತಿದ್ದರು, ರೈತರ ಮನೆಗಳು ಪಾಳು ಬೀಳುತ್ತಿದ್ದವು. ಅವನ್ನು ರಿಪೇರಿ ಮಾಡಿ ಪೇಟೆಯವರಿಗೆ ರಜೆಗೆ ಕೊಟ್ಟರೆ ಮನೆಯೂ ಉಳಿಯುತ್ತದೆ, ರೈತನಿಗೂ ನಾಲ್ಕು ಕಾಸು ಬರುತ್ತದೆ ಎಂಬ ಯೋಚನೆಯಿಂದ ಮೊದಲ ಝೀತ್ ಶುರುವಾಗಿದ್ದು 1951ರಲ್ಲಿ, ಆಲ್ಪ್ಸ್ ಬೆಟ್ಟಗಳ ಕಡೆ. ನಾವಿರುವ ಮನೆಯೂ ಒಂದು ಕಾಲದಲ್ಲಿ ತಂಬಾಕು ಬೆಳೆಯುತ್ತಿದ್ದ ರೈತನದು.

ಹದಿನೈದು ದಿನ ರಜೆ ಎಲ್ಲಿಂದ ಬರುತ್ತದೆ ಅಂತಲೂ ಕೇಳುತ್ತಾರೆ. ಇಲ್ಲಿ ಅದು ಕಾನೂನು. 1936ರಲ್ಲಿ ಲೆಯೊಂ ಬ್ಲುಮ್ ಸರ್ಕಾರ ದುಡಿಯುವ ಎಲ್ಲರಿಗೂ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. 1956ರಲ್ಲಿ ಅದು ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ಆಯಿತು. ಹಾಗಾಗಿ ಬೇಸಿಗೆಯಲ್ಲಿ ಇಡೀ ದೇಶ ಒಟ್ಟಿಗೇ ಗಂಟುಮೂಟೆ ಕಟ್ಟುತ್ತದೆ. ರಸ್ತೆಯಲ್ಲಿ ಯಾವ ದಿನ ಎಷ್ಟು ಕಾರು ಎಂದು ಮೊದಲೇ ಹೇಳಲು ಸರ್ಕಾರದ್ದೇ ಒಂದು ಸೇವೆ ಇದೆ. ಅದರ ಹೆಸರು 'ಬಿಜೋಂ ಫ್ಯೂತೆ', ಅಂದರೆ ಜಾಣ ಕಾಡೆಮ್ಮೆ! ದಿನಗಳಿಗೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಕೊಡುತ್ತದೆ. ಜುಲೈನವರು ವಾಪಸ್ ಬಂದು ಆಗಸ್ಟ್‌ನವರು ಹೊರಡುವ ಶನಿವಾರ ಸಾಮಾನ್ಯವಾಗಿ ಕಪ್ಪು. ಝೀತ್ ಬಾಡಿಗೆ ಶನಿವಾರದಿಂದ ಶನಿವಾರಕ್ಕೆ. ಹಾಗಾಗಿ ಕಾಡೆಮ್ಮೆ ಬೇಡ ಅಂದರೂ ನಾವು ಅವತ್ತೇ ಹೊರಡಬೇಕು.

ಸರಿ, ಅಲ್ಲಿಗೆ ಹೋಗಿ ಏನು ಮಾಡುತ್ತೇವೆ?

ಮೊದಲ ವರ್ಷ ನಾನೂ ಹೀಗೇ ಕೇಳಿದ್ದೆ. ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ಬ್ಯಾಗ್ ಹಾಕಿಕೊಂಡು, "ಇವತ್ತು ಎಲ್ಲಿಗೆ?" ಅಂತ ರೆಡಿಯಾಗಿ ನಿಂತೆ. ಉಳಿದವರು ನೈಟ್‌ಡ್ರೆಸ್‌ನಲ್ಲೇ ಕಾಫಿ ಕುಡಿಯುತ್ತಿದ್ದರು. ಟೀಚರ್ ಗೆಳತಿ ಗಂಭೀರವಾಗಿ ಹೇಳಿದಳು, "ಮಧ್ಯಾಹ್ನ ಏನು ತಿನ್ನೋದು ಅಂತ ಇನ್ನೂ ತೀರ್ಮಾನ ಆಗಿಲ್ಲ." ಅವಳು ತಮಾಷೆ ಮಾಡುತ್ತಿರಲಿಲ್ಲ ಅಂತ ಗೊತ್ತಾಗಲು ನನಗೆ ಮೂರು ದಿನ ಬೇಕಾಯಿತು.

ಆರಾಮ ಅಂದರೆ ಹೇಗೆ ಬೇಕೋ ಹಾಗೆ ಇರುವುದು ಅಂದುಕೊಂಡಿದ್ದೆ. ಇಲ್ಲಿ ಹಾಗಲ್ಲ. ಇವರ ಆರಾಮಕ್ಕೆ ನಮ್ಮ ಮಠದ ಊಟಕ್ಕಿಂತ ಕಟ್ಟುನಿಟ್ಟಾದ ಟೈಮ್‌ಟೇಬಲ್ ಇದೆ. ಬೆಳಗ್ಗೆ ಬ್ರೆಡ್ಡಿನ ವ್ಯಾನ್ ಬಂದು ಹಾರ್ನ್ ಹೊಡೆಯುತ್ತದೆ. ಹಳ್ಳಿಯಲ್ಲಿ ಬೇಕರಿ ಇಲ್ಲ, ವ್ಯಾನ್ ತಪ್ಪಿದರೆ ಅವತ್ತು ಬ್ರೆಡ್ ಇಲ್ಲ. ಹನ್ನೆರಡೂವರೆಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಮೂರರವರೆಗೆ ಊರಲ್ಲಿ ನಾಯಿಯೂ ಓಡಾಡುವುದಿಲ್ಲ. ಹೋಟೆಲಿನಲ್ಲಿ ಊಟ ಬೇಕಾದರೆ ಮಧ್ಯಾಹ್ನ ಒಂದು ಹೊಡೆಯುವುದರೊಳಗೆ ಕೂತಿರಬೇಕು. ಒಮ್ಮೆ ನಾವಿಬ್ಬರು ಎರಡು ಗಂಟೆ ಹತ್ತು ನಿಮಿಷಕ್ಕೆ ಹೋದೆವು. ಒಳಗೆ ಜನ ತುಂಬಿದ್ದರು, ಎಲ್ಲರೂ ತಿನ್ನುತ್ತಿದ್ದರು. "ಅಡುಗೆಮನೆ ಮುಚ್ಚಿದೆ" ಅಂದರು. ಪಾರ್ಕಿಂಗ್‌ನಲ್ಲಿ ಕೂತು ಚಿಪ್ಸ್ ತಿಂದೆವು. ಆಮೇಲೆ ಗೆಳತಿಗೆ ಹೇಳಿದರೆ ನಮ್ಮ ಮೇಲೆ ಕನಿಕರವೇ ಇಲ್ಲ. "ಎರಡೂ ಹತ್ತಕ್ಕಾ?" ಅಂತ ನಮ್ಮನ್ನೇ ನೋಡಿದಳು.

ಕಿಟಕಿಗೂ ಟೈಮ್ ಇದೆ. ಕಲ್ಲಿನ ಮನೆ, ಗೋಡೆ ಒಂದು ಮೊಳಕ್ಕಿಂತ ದಪ್ಪ, ಕಿಟಕಿಗಳಿಗೆ ಹೊರಗಡೆ ಮರದ ಕದ. ಸೆಕೆ ಅಂತ ಮಧ್ಯಾಹ್ನ ನಾನು ಎಲ್ಲ ತೆಗೆದಿಟ್ಟೆ, ಗಾಳಿಯಾಡಲಿ ಅಂತ. ಅರ್ಧ ಗಂಟೆಯಲ್ಲಿ ಮನೆ ಕಾದ ಕಾವಲಿಯಾಯಿತು. ಬಿಸಿಲು ಏರುವ ಮೊದಲೇ ಎಲ್ಲ ಮುಚ್ಚಿ, ರಾತ್ರಿ ತಂಪಾದ ಮೇಲೆ ತೆಗೆಯಬೇಕು. ಈಗ ಆ ಕೆಲಸ ನನ್ನದೇ.

ಬುಧವಾರ ಮತ್ತು ಶನಿವಾರ ಸಾರ್ಲಾದ ಸಂತೆ. ಊರಿನ ಮಧ್ಯೆ ಒಂದು ಹಳೆಯ ಚರ್ಚು, ಈಗ ಅದರೊಳಗೆ ಮಾರ್ಕೆಟ್. ಬಾಗಿಲು ಮೂರ್ನಾಲ್ಕು ಆಳೆತ್ತರವನ್ನೂ ಮೀರಿದ ಉಕ್ಕಿನದು. ಮಾಡಿಸಿದವರು ಜಾಂ ನುವೆಲ್, ಹೆಸರಾಂತ ವಾಸ್ತುಶಿಲ್ಪಿ, ಬಾಲ್ಯ ಕಳೆದದ್ದು ಇದೇ ಊರಲ್ಲಿ. ಅದನ್ನು ನೋಡಲು ಬರುವವರೂ ಇದ್ದಾರೆ. ನಾನು ಸಂತೆಯಲ್ಲಿ ನಿಲ್ಲುವುದು ಕರ್ಬೂಜದ ಅಜ್ಜಿಯ ಮುಂದೆ. ಒಳಗೆ ಕಿತ್ತಳೆ ಬಣ್ಣದ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕರ್ಬೂಜ. ಹಣ್ಣು ಕೇಳಿದರೆ ಅಜ್ಜಿ ಮೊದಲು ಕೇಳುವುದು, "ಯಾವಾಗ ತಿನ್ನುತ್ತೀರಿ?" ಇವತ್ತು ಅಂದರೆ ಸಾಲದು. ಮಧ್ಯಾಹ್ನಕ್ಕಾ, ರಾತ್ರಿಗಾ? ಉತ್ತರ ಕೇಳಿ, ಒಂದೊಂದನ್ನೂ ಕೈಯಲ್ಲಿ ತೂಗಿ, ತೊಟ್ಟಿನ ಸುತ್ತ ಬಿರುಕು ಎಷ್ಟಿದೆ ನೋಡಿ, ಮೂಸಿ ಕೊಡುತ್ತಾಳೆ. ರಾತ್ರಿಗೆ ಅಂತ ತಂದದ್ದನ್ನು ಮಧ್ಯಾಹ್ನವೇ ಕೊಯ್ದು ನೋಡಿದೆ ಒಮ್ಮೆ. ನಿಜಕ್ಕೂ ಇನ್ನೂ ಸ್ವಲ್ಪ ಗಟ್ಟಿ ಇತ್ತು.

"ನೀವು ಸಸ್ಯಾಹಾರಿ ಅಲ್ವಾ, ಅಲ್ಲಿ ಏನು ತಿಂತೀರಿ?" ಇದು ಎರಡನೇ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ದೋರ್ದೋನ್ ಅಂದರೆ ಬಾತುಕೋಳಿಯ ಸೀಮೆ. ನಮ್ಮಲ್ಲಿ ತೆಂಗು ಇದ್ದ ಹಾಗೆ ಅಲ್ಲಿ ಬಾತು, ಯಾವ ಭಾಗವೂ ವ್ಯರ್ಥವಿಲ್ಲ. ಮೊದಲ ವರ್ಷ ಒಂದು ಆಲೂಗಡ್ಡೆಯ ಪದಾರ್ಥ ತಿಂದೆ. 'ಪೊಮ್ ಸಾರ್ಲಾದೇಜ್' ಅಂತ. ಬಿಲ್ಲೆ ಬಿಲ್ಲೆ ಹೆಚ್ಚಿ, ಕೆಂಪಗೆ ಹುರಿದು, ಮೇಲೆ ಬೆಳ್ಳುಳ್ಳಿ, ಪಾರ್ಸ್ಲಿ. ಇಂಥ ಆಲೂಗಡ್ಡೆ ಜನ್ಮದಲ್ಲಿ ತಿಂದಿರಲಿಲ್ಲ. ಎರಡನೇ ಸಲ ಬಡಿಸಿಕೊಂಡು "ಯಾವ ಎಣ್ಣೆ?" ಅಂತ ಕೇಳಿದೆ. ಬಾತುಕೋಳಿಯ ಕೊಬ್ಬು. ತಟ್ಟೆ ಪಕ್ಕಕ್ಕಿಟ್ಟೆ, ರುಚಿ ಮಾತ್ರ ಮರೆತಿಲ್ಲ.

ಚೀಸ್ ವಿಷಯವೂ ಹೇಳಿಬಿಡುತ್ತೇನೆ. ಪಕ್ಕದ ಜಿಲ್ಲೆಯ ರೊಕಾಮಡೂರ್ ಅಂತ ಮೇಕೆ ಹಾಲಿನ ಚೀಸ್, ಒಂದೊಂದು ಬಿಲ್ಲೆ 35 ಗ್ರಾಂ. ಇವತ್ತಿನದು ಮೊಸರಿನ ಗಡ್ಡೆಯ ಹಾಗೆ, ಎರಡು ವಾರದ್ದು ಮಣ್ಣು, ಅಣಬೆ, ಕೊಟ್ಟಿಗೆ ಎಲ್ಲ ಸೇರಿದ ಹಾಗೆ. ಇಲ್ಲಿನ ಹಳೆಯ ಚೀಸುಗಳಲ್ಲಿ ಹೆಚ್ಚಿನವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟು ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು. ನಾನು ತಿಳಿದೂ ತಿನ್ನುತ್ತೇನೆ. ಅಮ್ಮನಿಗೆ ಹೇಳಿರಲಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಉಳಿದಂತೆ ಬೇಕಾದಷ್ಟಿದೆ. ಟೊಮೆಟೊ ಕೊಯ್ದು ಉಪ್ಪು ಉದುರಿಸಿದರೆ ಅದೇ ಒಂದು ಪದಾರ್ಥ. ಎಳೆ ಬೀನ್ಸ್, ಅಂಜೂರ, ಕಣಜಗಳ ಜೊತೆ ಜಗಳವಾಡಿ ತಿನ್ನಬೇಕಾದ ಪ್ಲಮ್. ವಾಲ್‌ನಟ್ಟಿಗೂ ಈ ಸೀಮೆ ಹೆಸರುವಾಸಿ. ಬೇಸಿಗೆಯಲ್ಲಿ ಅದಿನ್ನೂ ಮರದಲ್ಲಿ ಹಸಿರಾಗಿರುತ್ತದೆ, ಆದರೆ ಹಿಂದಿನ ವರ್ಷದ್ದರ ಎಣ್ಣೆ ಎಲ್ಲ ಮನೆಯಲ್ಲೂ ಇರುತ್ತದೆ.

ಸಂಜೆ ಏಳಕ್ಕೆ 'ಅಪೆರೊ'. ಊಟಕ್ಕೆ ಮೊದಲು ಏನಾದರೂ ಕುಡಿಯುತ್ತಾ ಕುರುಕುವುದು. ಕುಡಿಯದವರಿಗೆ ಪುದೀನ ಶರಬತ್ತು ಇದೆ, ಯಾರೂ ಬಲವಂತ ಮಾಡುವುದಿಲ್ಲ. ಕುರುಕುತ್ತಾ ಆಡುವ ಮಾತು ಮಧ್ಯಾಹ್ನದ ಊಟದ್ದು. ರಾತ್ರಿ ಊಟ ಮಾಡುತ್ತಾ ಆಡುವ ಮಾತು ನಾಳೆಯ ಊಟದ್ದು. ಒಂಬತ್ತು ಗಂಟೆಗೂ ಬೆಳಕಿರುತ್ತದೆ, ಹಾಗಾಗಿ ಏಳಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ವಾರಕ್ಕೊಂದು ರಾತ್ರಿ ಸಂತೆಯೂ ಇರುತ್ತದೆ. ಊರ ನಡುವೆ ಉದ್ದುದ್ದ ಮೇಜು, ತಿಂಡಿ ಮಾರುವವರು ಸುತ್ತಲೂ. ತಟ್ಟೆ, ಲೋಟ, ಚಮಚ ಮನೆಯಿಂದ ಒಯ್ಯಬೇಕು. ನಾವು ಒಮ್ಮೆ ಒಯ್ಯದೆ ಹೋಗಿ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಕುಟುಂಬದ ಫೋರ್ಕ್ ಇಸಿದುಕೊಂಡೆವು. ಆಮೇಲೆ ಅವರದೇ ಕೇಕ್ ಕೂಡ ತಿಂದೆವು.

ಅಡುಗೆ ಸರದಿ ಪ್ರಕಾರ. ನಮ್ಮ ಸರದಿಗೆ ನಾನು ತೊಗರಿಬೇಳೆ, ಸಾರಿನ ಪುಡಿ, ಸಾಸಿವೆ, ಒಣ ಕರಿಬೇವು ಒಯ್ಯುತ್ತೇನೆ. ಅಲ್ಲಿನ ಟೊಮೆಟೊ ಹಾಕಿ ಸಾರು, ಸೌತೆಕಾಯಿ ಹೆಸರುಬೇಳೆ ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನ. ಮೊದಲ ಸಲ ಪಕ್ಕದ ಮನೆಯ ಮುದುಕ ರೈತನನ್ನೂ ಕರೆದಿದ್ದೆವು. ಎಲ್ಲವನ್ನೂ ಒಟ್ಟಿಗೇ ಮೇಜಿಗೆ ತಂದಿಟ್ಟೆ. ಎಂಟು ಜನ ಸುಮ್ಮನೆ ಕೂತರು. ನಾನು ಇನ್ನೂ ಏನೋ ತರಬೇಕೇನೋ ಅಂತ ಅವರು, ಇವರು ಯಾಕೆ ಬಡಿಸಿಕೊಳ್ಳುತ್ತಿಲ್ಲ ಅಂತ ನಾನು.

ಕೊನೆಗೆ ಗೆಳತಿಯೇ ದಾರಿ ಹುಡುಕಿದಳು. ಮೊದಲು ಕೋಸಂಬರಿ ಮಾತ್ರ. ಎಲ್ಲರೂ ತಿಂದು, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದರು. ಆಮೇಲೆ ಸಾರು, ಬರೀ ಸಾರು, ಬಟ್ಟಲಲ್ಲಿ. ಆಮೇಲೆ ಪಲ್ಯ. ಅಷ್ಟು ಹೊತ್ತಿಗೆ ತಣ್ಣಗಾಗಿದ್ದ ಚಿತ್ರಾನ್ನ ಪ್ರಧಾನ ಪದಾರ್ಥವಾಗಿ ಬಂತು. ಅದಾದ ಮೇಲೆ ಚೀಸ್, ಬಿಡುವ ಹಾಗಿಲ್ಲ. ಫ್ರೆಂಚರ ಊಟದ ಪದ್ಧತಿಯನ್ನು ಯುನೆಸ್ಕೋ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ ಅಂತ ಓದಿದ್ದೆ. ಪಟ್ಟಿಗೆ ಸೇರಿದ್ದು ಅಡುಗೆಯಲ್ಲ, ಹೀಗೆ ಕೂತು ಒಂದಾದ ಮೇಲೊಂದು ತಿನ್ನುವ ರೀತಿ ಅಂತ ಅವತ್ತು ಅರ್ಥವಾಯಿತು. ನಮಗೂ ಕ್ರಮ ಇದೆ, ಎಲೆಯ ತುದಿಗೆ ಉಪ್ಪು, ಅದರ ಪಕ್ಕ ಇದು, ಇದರ ಪಕ್ಕ ಅದು ಅಂತ. ನಮ್ಮದು ಜಾಗದ ಲೆಕ್ಕ, ಇವರದು ಹೊತ್ತಿನ ಲೆಕ್ಕ.

ಸಾರಿನ ಹೊತ್ತಿಗೆ ಇನ್ನೊಂದು ನಡೆಯಿತು. ಮುದುಕ ಬಟ್ಟಲಿನ ತಳದಲ್ಲಿ ಎರಡು ಚಮಚ ಸಾರು ಉಳಿಸಿಕೊಂಡ. ಕೆಂಪು ವೈನ್ ಬಾಟಲಿ ಎತ್ತಿ ಅದಕ್ಕೆ ಸುರಿದ, ಒಂದು ಸುತ್ತು ತಿರುಗಿಸಿದ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಗಟಗಟ ಕುಡಿದುಬಿಟ್ಟ! ನನ್ನ ಗಂಡನ ಮುಖ ನೋಡಬೇಕಿತ್ತು. ಸೂಪಿನ ಕೊನೆಗೆ ವೈನ್ ಬೆರೆಸಿ ಕುಡಿಯುವುದು ಆ ಕಡೆಯ ಹಳೇ ರೈತರ ರೂಢಿ. ಅದಕ್ಕೆ 'ಶಾಬ್ರೋ' ಅನ್ನುತ್ತಾರೆ. ಮೀಸೆ ಒರೆಸಿಕೊಂಡು, "ಹುಳಿ ಸರಿಯಾಗಿದೆ, ಮೆಣಸು ಇನ್ನೂ ಸ್ವಲ್ಪ ಇರಬಹುದಿತ್ತು" ಅಂದ. ಖಾರ ಆಗುತ್ತದೆ ಅಂತ ಹೆದರಿ ನಾನೇ ಕಡಿಮೆ ಹಾಕಿದ್ದೆ.

ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಲಾಸ್ಕೋ ಇದೆ. 1940ರಲ್ಲಿ ಸಿಕ್ಕಿದ ಆದಿಮಾನವರ ಚಿತ್ರಗಳ ಗುಹೆ. ಜನರ ಉಸಿರಿನಿಂದ ಚಿತ್ರ ಹಾಳಾಗುತ್ತದೆ ಅಂತ 1963ರಲ್ಲೇ ಮುಚ್ಚಿದರು. ಈಗ ನೋಡಲು ಸಿಗುವುದು ಅದರ ನಕಲು. ಭಾವನಿಗೆ ಈ ವಿಷಯ ಹೇಗೋ ಗೊತ್ತಾಗಿದೆ. ಪ್ರತಿ ವರ್ಷ "ಈ ಸಲವಾದರೂ ನೋಡಿದ್ರಾ?" ಅನ್ನುತ್ತಾರೆ. ಇಲ್ಲ ಭಾವ. ಹೊರಡೋಣ ಅಂದ ದಿನವೆಲ್ಲ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಮುಗಿದಿದೆ.

ಮುದುಕ ಈಗ ಪ್ರತಿ ಬೇಸಿಗೆ ಸಾರಿನ ಪುಡಿಗೆ ಕಾಯುತ್ತಾನೆ. ಅರ್ಧ ಕೆಜಿ ಕೊಡುತ್ತೇನೆ, ಬದಲಿಗೆ ವಾಲ್‌ನಟ್ ಎಣ್ಣೆ ಒಂದು ಬಾಟಲಿ. ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ, ನಾನು ಹಾಕಿ ಕಹಿ ಮಾಡಿಕೊಂಡಿದ್ದೇನೆ. ಕಾಯಿಸದೆ, ಬಿಸಿ ಅನ್ನಕ್ಕೆ ಅಮ್ಮ ಕಳಿಸಿದ ಚಟ್ನಿಪುಡಿ ಹಾಕಿ, ಮೇಲೆ ಎರಡು ಚಮಚ ಬಿಟ್ಟು ಕಲಸಿ.