ಗುಡ್‌ವುಡ್‌ನಲ್ಲಿ ಕಂಡ ಫ್ರೇಜರ್ ನ್ಯಾಷ್

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಗುಡ್‌ವುಡ್‌ಗೆ ಹತ್ತಿರದ ಊರಾದ ಚಿಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಸೆಪ್ಟೆಂಬರಿನಲ್ಲಿ ನಡೆಯುವ ಹಳೆಯ ಕಾರುಗಳ ಓಟದ ಉತ್ಸವ ಗುಡ್‌ವುಡ್ ರಿವೈವಲ್‌ಗೆ ಹೋಗುವವರು ಹಳೆಯ ಕಾಲದ ಉಡುಪು ತೊಡುವುದು ರೂಢಿಯಾದ್ದರಿಂದ ನಾನೂ ಬಂಧುವೊಬ್ಬರ ಉಣ್ಣೆಯ ಕೋಟನ್ನು ಎರವಲು ಪಡೆದು ಹೊರಟಿದ್ದೆ. ಅದರ ತೋಳು ಮಾತ್ರ ಮಣಿಕಟ್ಟಿನವರೆಗೆ ಬರುತ್ತಿರಲಿಲ್ಲ.

ಜನರು ಜಾಗ್ವಾರ್‌ಗಳ ಸುತ್ತ ನೆರೆದಿದ್ದರು. ನಾನು ಹುಡುಕಿಕೊಂಡು ಹೋದದ್ದು ಬ್ರಿಟಿಷ್ ಕಂಪನಿ ಫ್ರೇಜರ್ ನ್ಯಾಷ್‌ನ ‘ಲೆ ಮಾನ್ ರೆಪ್ಲಿಕಾ’ ಎಂಬ ಸ್ಪರ್ಧಾ ಕಾರನ್ನು. ಲಂಡನ್ನಿನ ಪಶ್ಚಿಮದಂಚಿನ ಐಸಲ್‌ವರ್ತ್‌ನ ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಇವುಗಳ ಸಂಖ್ಯೆ ಬರೀ 34. ರೆಪ್ಲಿಕಾ ಎಂದೊಡನೆ ನಕಲೆಂದು ಭಾವಿಸಬಾರದು: 1949ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ನಾರ್ಮನ್ ಕಲ್ಪನ್ ಮತ್ತು ಕಂಪನಿಯ ಮುಖ್ಯಸ್ಥ ಎಚ್.ಜೆ. ಆಲ್ಡಿಂಗ್ಟನ್ ಓಡಿಸಿದ ಕಾರು ಮೂರನೆಯ ಸ್ಥಾನ ಗಳಿಸಿದ ಮೇಲೆ, ಅಂಥದ್ದನ್ನೇ ಗಿರಾಕಿಗಳಿಗೂ ಮಾಡಿಕೊಡುತ್ತೇವೆಂದು ಇಟ್ಟ ಹೆಸರದು. 1951ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೋವನ್ನು ಫ್ರಾಂಕೊ ಕೊರ್ಟೆಸೆ ಫ್ರೇಜರ್ ನ್ಯಾಷ್‌ನಲ್ಲೇ ಗೆದ್ದರು. ಆ ಸ್ಪರ್ಧೆಯನ್ನು ಗೆದ್ದ ಬ್ರಿಟಿಷ್ ಕಾರು ಬೇರೊಂದಿಲ್ಲ.

ಕಾರುಗಳನ್ನು ಸಜ್ಜುಗೊಳಿಸುವ ಅಂಗಳವಾದ ಪ್ಯಾಡಕ್‌ನಲ್ಲಿ ಮೆಕ್ಯಾನಿಕ್ ಒಬ್ಬರು ಬಾನೆಟ್ಟಿನ ತೊಗಲಿನ ಪಟ್ಟಿಯನ್ನು ಬಿಚ್ಚಿದಾಗ 1971 ಸಿಸಿಯ, ಆರು ಸಿಲಿಂಡರಿನ ಬ್ರಿಸ್ಟಲ್ ಎಂಜಿನ್ ಕಾಣಿಸಿತು. ಅದರ ನೆತ್ತಿಯ ಮೇಲೆ ಗಾಳಿಗೆ ಪೆಟ್ರೋಲು ಬೆರೆಸುವ ಮೂರು ಕಾರ್ಬುರೇಟರುಗಳು ಸಾಲಾಗಿ ಕುಳಿತಿವೆ. ವಾಲ್ವುಗಳನ್ನು ತೆರೆಸುವ ದಂಡವಾದ ಕ್ಯಾಮ್‌ಶಾಫ್ಟ್ ಒಂದೇ, ಅದೂ ಕೆಳಗೆ ಬ್ಲಾಕಿನೊಳಗೆ. ಅಲ್ಲಿಂದ ಆ ತಳ್ಳನ್ನು ಮೇಲಕ್ಕೆ ಒಯ್ಯುವ ಸಲಾಕೆಗಳು, ಅಂದರೆ 12 ಪುಶ್‌ರಾಡುಗಳು, ಮೇಲೇರುತ್ತವೆ. ಆಚೆ ಬದಿಯ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವುಗಳನ್ನು ತಲುಪಲು ಮತ್ತೆ 6 ಗಿಡ್ಡ ರಾಡುಗಳು ಅಡ್ಡಲಾಗಿ ಮಲಗಿವೆ. ಚಾಲೂ ಮಾಡಿದಾಗ ಇವೆಲ್ಲ ಸೇರಿ ಹೊಲಿಗೆ ಯಂತ್ರದಂತೆ ಟಕಟಕಿಸುತ್ತಿದ್ದವು.

ಈ ಜಾಣ ಸುತ್ತುದಾರಿ ಮೂಲತಃ ಜರ್ಮನಿಯ ಬಿಎಂಡಬ್ಲ್ಯೂ 328 ಕಾರಿನದು. ಯುದ್ಧಕ್ಕೆ ಮೊದಲು ಆ ಕಾರುಗಳನ್ನು ಬ್ರಿಟನ್ನಿಗೆ ತರಿಸಿ ಮಾರುತ್ತಿದ್ದ ಆಲ್ಡಿಂಗ್ಟನ್ 1945ರಲ್ಲೇ ಮ್ಯೂನಿಕ್‌ಗೆ ಹೋಗಿ ಹಳೆಯ ನಂಟನ್ನು ಮತ್ತೆ ಕುದುರಿಸಿದರು. ವಿನ್ಯಾಸವು ಬ್ರಿಸ್ಟಲ್ ವಿಮಾನ ಕಂಪನಿಯ ಕೈಸೇರಿತು, ಬಿಎಂಡಬ್ಲ್ಯೂ ಎಂಜಿನಿಯರ್ ಫ್ರಿಟ್ಸ್ ಫೀಡ್ಲರ್ ಇಂಗ್ಲೆಂಡಿಗೇ ಬಂದು ದುಡಿದರು. ಸುಮಾರು 3.8 ಕಿ.ಮೀ. ಉದ್ದದ ಗುಡ್‌ವುಡ್ ಟ್ರ್ಯಾಕ್ ಆದರೋ, ಯುದ್ಧಕಾಲದ ವೆಸ್ಟ್‌ಹ್ಯಾಂಪ್ನೆಟ್ ವಾಯುನೆಲೆಯನ್ನು ಸುತ್ತುವರಿದ ರಸ್ತೆಯೇ. 1941ರ ಆಗಸ್ಟಿನಲ್ಲಿ ಬ್ರಿಟನ್ನಿನ ಯುದ್ಧವಿಮಾನ ಚಾಲಕ ಡಗ್ಲಾಸ್ ಬೇಡರ್ ತಮ್ಮ ಕೊನೆಯ ಯುದ್ಧ ಹಾರಾಟಕ್ಕೆ ಹೊರಟದ್ದು ಇಲ್ಲಿಂದ. ಅವರ ಪ್ರತಿಮೆ ಇಲ್ಲಿಯೇ ಇದೆ. ಆ ಹಾರಾಟವಾಗಿ ಏಳೇ ವರ್ಷಕ್ಕೆ, 1948ರ ಸೆಪ್ಟೆಂಬರಿನಲ್ಲಿ, ಇದೇ ರಸ್ತೆಯಲ್ಲಿ ಕಾರುಗಳ ಸ್ಪರ್ಧೆ ಆರಂಭವಾಯಿತು.

ಸಂಜೆಯ ಓಟದಲ್ಲಿ ನೇರದಾರಿಗೆ ಬಂದಾಗಲೆಲ್ಲ ಜಾಗ್ವಾರ್‌ಗಳು ನಾನು ನೋಡಿದ ಕಾರನ್ನು ಹಿಂದಿಕ್ಕಿ ಸಾಗುತ್ತಿದ್ದವು. ಸೇಂಟ್ ಮೇರಿಸ್ ತಿರುವಿನಲ್ಲಿ ಮಾತ್ರ ಹಗುರ ಮೈಯ ಫ್ರೇಜರ್ ನ್ಯಾಷ್ ಹಿಂಬದಿಯನ್ನು ತುಸು ಜಾರಿಸುತ್ತ ಅವುಗಳ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ಮರಳಿ ಬಂದ ಕಾರಿನಡಿ ಎಣ್ಣೆ ತೊಟ್ಟಿಕ್ಕುತ್ತಿರಲು, ಮೆಕ್ಯಾನಿಕ್ ಒಂದು ತಟ್ಟೆಯನ್ನು ಸರಿಸಿಟ್ಟು ಬಾನೆಟ್ಟಿನ ಪಟ್ಟಿಗೆ ಕೈಹಾಕಿದರು.