ಜನವರಿ ಚಿತ್ರದಲ್ಲಿ ಕಾಣದ ಮರಗಳು

ಜಿಪಿಎಸ್ ಪ್ರಕಾರ ನಾವು ಸರಿಯಾದ ಜಾಗಕ್ಕೇ ಬಂದಿದ್ದೆವು. ನನ್ನ ನಕ್ಷೆ ಅದನ್ನು ಬರಡು ನೆಲ ಎನ್ನುತ್ತಿತ್ತು. ಕಣ್ಣೆದುರಿಗೆ ಇದ್ದದ್ದು ಮಾತ್ರ ಹೊಲ.

ಹೊಲ ಅಂತ ಗುರುತಿಸೋಕೆ ಯಾವ ಓದೂ ಬೇಕಿರಲಿಲ್ಲ. ಸುತ್ತ ಮುಳ್ಳಿನ ಬೇಲಿ. ಸಜ್ಜೆ ಕೊಯ್ದು ಉಳಿದ ಕೂಳೆ. ನಡುನಡುವೆ ಹತ್ತು ಹನ್ನೆರಡು ಮರ. ಮರ ಅಂತೇನೋ ಬರೆದೆ, ದೂರದಿಂದ ನೋಡಿದರೆ ಕಂಬ ನೆಟ್ಟ ಹಾಗಿತ್ತು. ಎಲೆಯೇ ಇಲ್ಲ. ತುದಿಯಲ್ಲಿ ಕೊಂಬೆ ಕಡಿದ ಗಂಟುಗಳಷ್ಟೇ.

"47ನೇ ಪಾಯಿಂಟ್, ಬರಡು" ಎಂದು ನಾನು ಹಾಳೆ ನೋಡಿ ಜೋರಾಗಿ ಓದಿದೆ. ಜೀಪ್ ಓಡಿಸುತ್ತಿದ್ದ ಕಾಕಾ ನಕ್ಕರು. "ಬರಡಾಗಿದ್ರೆ ಯಾರಾದ್ರೂ ಬೇಲಿ ಹಾಕ್ತಾರಾ ಬಾಯಿಸಾ?"

ಅದು ಡಿಸೆಂಬರ್ ತಿಂಗಳು. ನಾವಿದ್ದದ್ದು ರಾಜಸ್ಥಾನದ ಬಾಲೋತರಾ ಆಚೆ, ಲೂನಿ ನದಿಯ ಕೆಳಭಾಗದಲ್ಲಿ. ಲೂನಿ ಹುಟ್ಟುವುದು ಅಜ್ಮೀರ್ ಹತ್ತಿರ, ಅರಾವಳಿ ಬೆಟ್ಟದಲ್ಲಿ. ಸುಮಾರು 495 ಕಿ.ಮೀ. ನೈಋತ್ಯಕ್ಕೆ ಹರಿದು ಕಛ್‌ನ ರಣ್‌ನಲ್ಲಿ ಇಂಗಿಹೋಗುತ್ತದೆ. ಸಮುದ್ರ ಮುಟ್ಟುವುದೇ ಇಲ್ಲ. ಹೆಸರಲ್ಲೇ ಉಪ್ಪಿದೆ, ಲವಣದಿಂದ ಲೂನಿ. ಬಾಲೋತರಾವರೆಗೆ ಸಿಹಿ, ಅಲ್ಲಿಂದ ಕೆಳಗೆ ಉಪ್ಪು ಎಂದು ಅಲ್ಲಿನವರು ಹೇಳುತ್ತಾರೆ. ಹರಿಯುತ್ತದೆ ಅಂತ ಬರೆದೆನಲ್ಲ, ಅದೂ ಮಳೆಗಾಲದ ಕೆಲವು ದಿನ ಮಾತ್ರ. ಉಳಿದ ದಿನಗಳಲ್ಲಿ ಅದು ಅಗಲವಾದ ಮರಳಿನ ದಾರಿ.

ಈ ನದಿಯ ಜಲಾನಯನ ಪ್ರದೇಶದ ಒಂದು ತುಂಡಿಗೆ ನೆಲಹೊದಿಕೆ ನಕ್ಷೆ ಮಾಡುವ ಕೆಲಸ ನನ್ನದಾಗಿತ್ತು. ಎಲ್ಲಿ ಬೆಳೆ, ಎಲ್ಲಿ ಮರ, ಎಲ್ಲಿ ಕುರುಚಲು, ಎಲ್ಲಿ ಮರಳು, ಎಲ್ಲಿ ಉಪ್ಪು ಅಂತ ಬಣ್ಣ ತುಂಬುವುದು. ಎಲ್ಲಿ ಮಳೆನೀರು ತಡೆದು ನಿಲ್ಲಿಸಬಹುದು, ಎಲ್ಲಿ ಗಿಡ ನೆಡಬಹುದು ಎಂದು ಆಮೇಲೆ ಬೇರೆಯವರು ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಅಂದರೆ ನಾನು "ಖಾಲಿ" ಅಂತ ಬಣ್ಣ ಹಚ್ಚಿದ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಆಫೀಸಿನಲ್ಲಿ ಕೂತಾಗ ಇದು ನನಗೆ ಅಷ್ಟಾಗಿ ಹೊಳೆದಿರಲಿಲ್ಲ.

ಮರುಭೂಮಿಯ ನಕ್ಷೆ ಸುಲಭ ಅಂತಲೇ ಅಂದುಕೊಂಡಿದ್ದೆ. ಮೋಡದ ಕಾಟವಿಲ್ಲ. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆ ಸಿಗುತ್ತದೆ. 2017ರಲ್ಲಿ ಜೋಡಿಯಲ್ಲಿ ಎರಡನೆಯದೂ ಮೇಲೆ ಹೋದ ನಂತರ ಐದು ದಿನಕ್ಕೊಮ್ಮೆ ಹೊಸ ಚಿತ್ರ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ಹುಡುಕಿ ಹುಡುಕಿ ಜನವರಿಯದೊಂದು ಚಿತ್ರ ಆರಿಸಿದೆ. ಗಾಜು ಒರೆಸಿಟ್ಟಷ್ಟು ಸ್ವಚ್ಛ. ಫಾಲ್ಸ್ ಕಲರ್‌ನಲ್ಲಿ ನೋಡಿದರೆ ಗಿಡಮರ ಕೆಂಪಾಗಿ ಕಾಣುತ್ತದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ, ಅದನ್ನು ನಾವು ಕೆಂಪು ಬಣ್ಣದಲ್ಲಿ ತೋರಿಸುತ್ತೇವೆ, ಅಷ್ಟೇ. ನನ್ನ ಚಿತ್ರದಲ್ಲಿ ಕೊಳವೆಬಾವಿ ನೀರಿನ ಜೀರಿಗೆ ಹೊಲಗಳು ಕೆಂಪು ಚೌಕಗಳಾಗಿ ಎದ್ದು ಕಾಣುತ್ತಿದ್ದವು. ನದಿಯುದ್ದಕ್ಕೂ ದಪ್ಪನೆ ಕೆಂಪು ಪಟ್ಟಿ. ಉಳಿದದ್ದೆಲ್ಲ ಬಿಳಿ, ಬೂದಿ, ತಿಳಿಹಳದಿ.

ಪ್ರತಿ ಬಗೆಗೂ ಒಂದಿಷ್ಟು ಮಾದರಿ ಜಾಗ ಗುರುತಿಸಿ ಕಂಪ್ಯೂಟರಿಗೆ ಕೊಟ್ಟೆ. ಅದು ಕಲಿತು ಉಳಿದ ನೆಲಕ್ಕೆ ಬಣ್ಣ ತುಂಬಿತು. ಪರೀಕ್ಷೆ ಮಾಡಿದಾಗ ನಿಖರತೆ ಶೇ 91. ಎಲ್ಲರೂ ಖುಷಿಯಾದರು. ನಾನಂತೂ ನದಿಯ ಕೆಂಪು ಪಟ್ಟಿಗೆ "ದಂಡೆಯ ಕಾಡು" ಅಂತ ಹೆಸರಿಟ್ಟು, ಒಂದು ಸ್ಲೈಡಿಗೆ "ಮರುಭೂಮಿಯ ಹಸಿರು ನಾಡಿ" ಎಂದು ತಲೆಬರಹ ಬೇರೆ ಕೊಟ್ಟಿದ್ದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಆ 91ರ ಗುಟ್ಟು ಇಷ್ಟೇ. ಕಲಿಸಲು ಕೊಟ್ಟ ಜಾಗಗಳನ್ನೂ ಪರೀಕ್ಷೆಗೆ ಇಟ್ಟ ಜಾಗಗಳನ್ನೂ ನಾನೇ ಆರಿಸಿದ್ದೆ. ಅದೇ ಪರದೆ, ಅದೇ ಜನವರಿ ಚಿತ್ರ, ಅದೇ ಕಣ್ಣು. ನಾನು ಯಾವುದನ್ನು ತಪ್ಪಾಗಿ ಬರಡು ಅಂದುಕೊಂಡಿದ್ದೆನೋ ಕಂಪ್ಯೂಟರ್ ಅದನ್ನೇ ಬರಡು ಎಂದಿತು, ನಾನು ಭೇಷ್ ಎಂದೆ. ಪ್ರಶ್ನೆಪತ್ರಿಕೆ ಬರೆದವನೇ ಉತ್ತರವನ್ನೂ ತಿದ್ದಿದ ಹಾಗೆ.

47ನೇ ಪಾಯಿಂಟಿನಲ್ಲಿ ಆ ಬೋಳು ಮರವೊಂದರ ಹತ್ತಿರ ಹೋದೆ. ಖೇಜ್ಡಿ. ನಮ್ಮ ಬನ್ನಿಮರ. ರಾಜಸ್ಥಾನದ ರಾಜ್ಯ ಮರವೂ ಅದೇ. "ಯಾಕೆ ಹೀಗೆ ಬೋಳಿಸಿದ್ದಾರೆ? ಒಣಗಿಹೋಯ್ತಾ?" ಅಂತ ಕೇಳಿದೆ. ಕಾಕಾ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ಚಳಿಗಾಲದ ಹೊತ್ತಿಗೆ ಕೊಂಬೆ ಸವರಿ, ಎಲೆ ಒಣಗಿಸಿಡುತ್ತಾರಂತೆ. ಅದಕ್ಕೆ ಲೂಂಗ್ ಅನ್ನುತ್ತಾರೆ. ಆಡು, ಕುರಿ, ಒಂಟೆಗೆ ಬೇಸಿಗೆಯ ಮೇವು. ಬಿಸಿಲೇರಿ ಎಲ್ಲ ಒಣಗುವ ಹೊತ್ತಿಗೆ, ಮಳೆಗೆ ಮೊದಲೇ, ಈ ಮರ ತಾನಾಗಿ ಚಿಗುರುತ್ತದೆ. ಕಾಯಿ ಬಿಡುತ್ತದೆ, ಅದೇ ಸಾಂಗ್ರಿ.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ನನ್ನ ಚಿತ್ರ ಜನವರಿಯದು. ಸಜ್ಜೆ ಕೊಯ್ದು ತಿಂಗಳುಗಳೇ ಆಗಿರುತ್ತವೆ, ಹೊಲ ಬರಿದು. ಮರಗಳ ಎಲೆ ರೈತರ ಮನೆ ಸೇರಿರುತ್ತದೆ, ಮರವೂ ಬರಿದು. ಇಡೀ ವರ್ಷದಲ್ಲಿ ಈ ಹೊಲ ಬರಡಾಗಿ ಕಾಣುವ ತಿಂಗಳನ್ನೇ ನಾನು ಹುಡುಕಿ ತೆಗೆದಿದ್ದೆ. ಮಳೆಗಾಲದ ಚಿತ್ರಗಳನ್ನು ಮೋಡ ಇದೆ ಅಂತ ಪಕ್ಕಕ್ಕಿಟ್ಟಿದ್ದೆ.

ಇನ್ನೂ ನಾಲ್ಕು ಪಾಯಿಂಟ್ ನೋಡಿದೆವು. ಮೂರು ಹೀಗೆಯೇ ಹೊಲ. ಒಂದರಲ್ಲಿ ಕೂಳೆಯೂ ಇರಲಿಲ್ಲ. ಎರಡು ವರ್ಷದಿಂದ ಬೀಳು ಬಿಟ್ಟಿದ್ದಾರೆ, ನೆಲ ಸುಧಾರಿಸಿಕೊಳ್ಳಲಿ ಅಂತ, ಎಂದರು ಕಾಕಾ. ನನ್ನ ಪಟ್ಟಿಯಲ್ಲಿ ಸುಧಾರಿಸಿಕೊಳ್ಳುವ ನೆಲಕ್ಕೆ ಬಣ್ಣವೇ ಇರಲಿಲ್ಲ.

ಮಧ್ಯಾಹ್ನ ನದಿಗೆ ಇಳಿದೆವು, ನನ್ನ ಹಸಿರು ನಾಡಿ ನೋಡಲು. ಹಸಿರೇನೋ ಇತ್ತು. ಒತ್ತೊತ್ತಾಗಿ, ಒಬ್ಬರು ನುಸುಳಲೂ ಜಾಗವಿಲ್ಲದ ಹಾಗೆ. ಅಷ್ಟೂ ಬಳ್ಳಾರಿ ಜಾಲಿ. ಅಲ್ಲಿ ಅದಕ್ಕೆ ವಿಲಾಯತಿ ಬಬೂಲ್. ಹೊರಗಿನಿಂದ ಬಂದದ್ದು ಅಂತ ಹೆಸರೇ ಹೇಳುತ್ತದೆ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಗಿಡ. 1940ರಲ್ಲಿ ಜೋಧಪುರದ ಅರಸರು ಇದನ್ನು ರಾಜವೃಕ್ಷ ಎಂದು ಸಾರಿದ್ದರಂತೆ. ಮರಳು ಹಾರದಂತೆ ತಡೆಯುತ್ತದೆ, ಸೌದೆ ಕೊಡುತ್ತದೆ ಅನ್ನುವುದು ಆಗಿನ ಲೆಕ್ಕಾಚಾರ. ಎರಡೂ ಸುಳ್ಳಲ್ಲ. ಸೌದೆ, ಇದ್ದಿಲು ಇವತ್ತಿಗೂ ಇದರಿಂದಲೇ. ಆದರೆ ಆಡುಗಳು ಕಾಯಿ ತಿಂದು ಬೀಜವನ್ನು ಹೋದಲ್ಲೆಲ್ಲ ಬಿತ್ತಿದವು. ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಎಲೆಯನ್ನು ದನಕರು ಮುಟ್ಟುವುದಿಲ್ಲ. ಇದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಯಾರೂ ಸವರದ ಕಾರಣ ಜನವರಿಯಲ್ಲೂ ಹಸಿರಾಗೇ ಇರುತ್ತದೆ. ಬನ್ನಿ ಮತ್ತು ಜಾಲಿ ನೆಂಟರು. ಉಪಗ್ರಹ ಒಬ್ಬರನ್ನು ಅಳಿಸಿಹಾಕಿ ಇನ್ನೊಬ್ಬರಿಗೆ ಕಾಡು ಅಂತ ಪಟ್ಟ ಕಟ್ಟಿತ್ತು. ಉಪಗ್ರಹ ಅಂದೆನಾ? ಅದಕ್ಕೇನು ಗೊತ್ತು, ಹೆಸರಿಟ್ಟವಳು ನಾನು.

ವಾಪಸ್ ಹೊರಡುವಾಗ ಆ ಕಾಡೇ ನಮ್ಮ ಟೈರಿಗೆ ಮುಳ್ಳು ಚುಚ್ಚಿತು. ಸ್ಟೆಪ್ನಿ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಕಾಕಾ ಕೈ ಒರೆಸಿಕೊಂಡು, "ನಿಮ್ಮ ನಕ್ಷೆ ತೋರಿಸಿ" ಎಂದರು. ಬಾನೆಟ್ ಮೇಲೆ ಹಾಸಿದೆ. ಊರಿನ ಹೆಸರು ಅವರು ಓದಲೇ ಇಲ್ಲ. ಬೆರಳು ಆಡಿಸುತ್ತಾ ಒಂದು ಚಿಕ್ಕ ನೀರಿನ ಚುಕ್ಕೆ ಹಿಡಿದರು. ಅದು ಅವರ ಊರ ಕೆರೆ. ಅಲ್ಲಿಂದ ದಾರಿ, ದಾರಿಯಿಂದ ತಮ್ಮ ಹೊಲ. ಬರಡು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೆ ಮರಳು ದಿಬ್ಬಗಳ ನಡುವೆ ನಾನು ಎಳೆದಿದ್ದ ಒಂದು ಹಳ್ಳದ ಮೇಲೆ ಬೆರಳಿಟ್ಟು, "ಇದೆಲ್ಲಿಂದ ಬಂತು?" ಎಂದರು.

ಅದು ಬಂದದ್ದು 2000ದ ಫೆಬ್ರವರಿಯಿಂದ. ಆಗ ಅಮೆರಿಕದ ಒಂದು ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರ್‌ನಿಂದ ಭೂಮಿಯ ಎತ್ತರ ತಗ್ಗು ಅಳೆದಿತ್ತು. ಜಲಾನಯನದ ಗಡಿ, ಹಳ್ಳಗಳ ಗೆರೆ ನಾವು ಎಳೆಯುವುದು ಅಂಥ ಮಾಹಿತಿಯಿಂದಲೇ. ಸಾಫ್ಟ್‌ವೇರಿಗೆ ಒಂದು ನಂಬಿಕೆ ಇದೆ. ನೀರು ಎಲ್ಲಿಗಾದರೂ ಹರಿದುಹೋಗಲೇಬೇಕು, ಹೋಗದೆ ನಿಲ್ಲುವ ಗುಂಡಿ ಕಂಡರೆ ಅದು ಅಳತೆಯ ತಪ್ಪು. ಹಾಗಾಗಿ ಗುಂಡಿಗಳನ್ನು ಮೊದಲು ತುಂಬಿಸಿ ಆಮೇಲೆ ನೀರು ಹರಿಸುತ್ತದೆ. ಬೇರೆ ಕಡೆ ಇದು ನಡೆಯುತ್ತದೆ. ಮರಳು ದಿಬ್ಬಗಳ ನಾಡಿನಲ್ಲಿ ಗುಂಡಿಗಳು ನಿಜ. ನೀರು ಅಲ್ಲೇ ಇಂಗಬೇಕು, ಇಲ್ಲ ನಿಲ್ಲಬೇಕು. 2006ರ ಆಗಸ್ಟ್‌ನಲ್ಲಿ ಇದೇ ಸೀಮೆಯ ಕವಾಸ್ ಊರು ಮುಳುಗಿದ್ದು ಹಾಗೇ ಅಲ್ವಾ? ಅಡಿಯಲ್ಲಿ ಜಿಪ್ಸಂ ಪದರ, ನೀರು ಇಂಗಲಿಲ್ಲ, ಹೊರಗೆ ಹೋಗಲೂ ದಾರಿಯಿಲ್ಲ. ತಿಂಗಳುಗಟ್ಟಲೆ ನಿಂತಿತು. ನನ್ನ ನಕ್ಷೆ ಮಾತ್ರ ದಿಬ್ಬದಿಂದ ದಿಬ್ಬಕ್ಕೆ ಹಳ್ಳ ಹರಿಸಿಕೊಂಡು ಆರಾಮಾಗಿತ್ತು.

ಕಾಕಾ ಇನ್ನೊಂದು ಕೇಳಿದರು. "ನದೀನ ನೀಲಿ ಯಾಕೆ ಮಾಡಿದೀರಿ?"

"ನದಿ ಅಲ್ವಾ ಕಾಕಾ, ನೀರು..."

ನಾವಿಬ್ಬರೂ ಆಗ ನಿಂತಿದ್ದದ್ದು ಆ ನೀಲಿಯ ಮಧ್ಯದಲ್ಲೇ. ಬೂಟು ತುಂಬ ಮರಳು.

ಸಂಜೆ ನೋಡಿದ ಬಿಳಿ ಬಯಲಿನ ಕಥೆ ಚಿಕ್ಕದು. ಮರಳು ಅಂದುಕೊಂಡು ಕಾಲಿಟ್ಟೆ, ಪಾದ ಕೆಸರಿಗೆ ಇಳಿಯಿತು. ಮೇಲೆ ಉಪ್ಪಿನ ಹೊಪ್ಪಳೆ, ಒಳಗೆ ಒದ್ದೆ. ಕಣ್ಣಿಗೆ ಎರಡೂ ಒಂದೇ ಬಿಳಿ. ಆದರೆ ಶಾರ್ಟ್‌ವೇವ್ ಇನ್‌ಫ್ರಾರೆಡ್ ಅನ್ನುವ, ಕಣ್ಣಿಗೆ ಕಾಣದ ಇನ್ನೊಂದು ಬೆಳಕಿನಲ್ಲಿ ಒಣ ಮರಳು ಬೆಳ್ಳಗೇ ಇರುತ್ತದೆ, ತೇವ ಹಿಡಿದ ಉಪ್ಪು ಮಂಕಾಗುತ್ತದೆ. ಆ ಬೆಳಕಿನ ಚಿತ್ರದ ಪಿಕ್ಸೆಲ್ ಇಪ್ಪತ್ತು ಮೀಟರಿನದು, ಚಿತ್ರ ಒರಟಾಗುತ್ತದೆ ಅಂತ ನಾನೇ ಅದನ್ನು ಬಿಟ್ಟಿದ್ದೆ.

ಕೊನೆಯ ಪಾಯಿಂಟ್ ಒಂದು ಓರಣ್. ದೇವರ ಹೆಸರಿನಲ್ಲಿ ಬಿಟ್ಟ ಕಾಡು, ದೇವರ ಬನದ ಹಾಗೆ. ಅಲ್ಲಿ ಕೊಡಲಿ ಹಾಕುವಂತಿಲ್ಲ, ದನ ಮೇಯಬಹುದು. ಕಾಡು ಅಂದಾಕ್ಷಣ ಮಲೆನಾಡು ನೆನೆಯಬೇಡಿ. ಬೋರೆ, ಕೇರ್ ಗಿಡ, ಹುಲ್ಲು, ಸುಮ್ನೆ ಬಿಸಿಲಲ್ಲಿ ಕೂತ ಕುರುಚಲು. ನನ್ನ ನಕ್ಷೆಯಲ್ಲಿ ಅದರ ಅರ್ಧ ಕುರುಚಲು, ಅರ್ಧ ಬರಡು. ಕಂದಾಯ ದಾಖಲೆಗಳಲ್ಲೂ ಎಷ್ಟೋ ಓರಣ್‌ಗಳು ಪಾಳುಭೂಮಿ ಅಂತಲೇ ಕೂತಿವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇವನ್ನು ನೆಲದ ಮೇಲೆ ನಡೆದೂ ಉಪಗ್ರಹದಿಂದಲೂ ಗುರುತಿಸಿ ನಕ್ಷೆ ಮಾಡಬೇಕೆಂದು ರಾಜಸ್ಥಾನಕ್ಕೆ ಹೇಳಿತು. ಆ ಸುದ್ದಿ ಓದಿದಾಗ "ನೆಲದ ಮೇಲೆ ನಡೆದೂ" ಅನ್ನುವಲ್ಲಿ ನನಗೆ ಕಾಕಾ ನೆನಪಾದರು.

ಮೂರು ದಿನ ಸುತ್ತಿ ಬಂದ ಮೇಲೆ ನೆಲದಲ್ಲಿ ಕಂಡದ್ದನ್ನೇ ಪರೀಕ್ಷೆಗೆ ಇಟ್ಟು ಹಳೇ ನಕ್ಷೆಯನ್ನು ತೂಗಿದೆ. 91 ಇದ್ದದ್ದು 68ಕ್ಕೆ ಬಂತು. ಮೊದಲಿನಿಂದ ಶುರು ಮಾಡಿದೆ. ಈ ಸಲ ಜನವರಿ, ಮೇ, ಸೆಪ್ಟೆಂಬರ್ ಮೂರೂ ಚಿತ್ರ. ಸೆಪ್ಟೆಂಬರ್ ಮಾತ್ರ ಐದು ವರ್ಷದ್ದು. ಐದರಲ್ಲಿ ಒಂದು ವರ್ಷ ಹಸಿರಾಗಿದ್ದರೂ ಅದು ಹೊಲ, ಈಗ ಬೀಳು ಬಿಟ್ಟಿದ್ದಾರೆ ಅಂತ ಲೆಕ್ಕ. ಜನವರಿಯಲ್ಲೂ ಮೇನಲ್ಲೂ ಹಸಿರಿದ್ದರೆ ಹೆಚ್ಚಾಗಿ ಜಾಲಿ. ಮೇನಲ್ಲಿ ಮಾತ್ರ ಚುಕ್ಕೆ ಚುಕ್ಕೆ ಹಸಿರಾದರೆ ಬನ್ನಿ. ಇದು ಬರೆದಷ್ಟು ಸಲೀಸಲ್ಲ. ಒಂದು ಪಿಕ್ಸೆಲ್‌ನಲ್ಲಿ ಒಂದು ಮರದ ಚಿಗುರು, ಉಳಿದದ್ದೆಲ್ಲ ಮರಳು. ಮರಳಿನ ಹೊಳಪಿನಲ್ಲಿ ಎಲೆ ಮುಳುಗಿಹೋಗುತ್ತದೆ. ಇಂಥ ನೆಲಕ್ಕೇ ಎಂದು ವಿಜ್ಞಾನಿ ಅಲ್ಫ್ರೆಡೊ ಹ್ಯೂಟ್ 1988ರಲ್ಲಿ, ಚಿತ್ರದಲ್ಲಿ ಹಸಿರೆಷ್ಟು ಅಂತ ಅಳೆಯುವ ಮಾಮೂಲಿ ಸೂಚ್ಯಂಕವನ್ನು ತಿದ್ದಿ, ಮಣ್ಣಿನ ಪ್ರಭಾವ ತಗ್ಗಿಸುವ ಒಂದು ಸೂತ್ರ ಕೊಟ್ಟಿದ್ದಾರೆ. ಅದನ್ನು ಹಾಕಿದೆ. ಸ್ವಲ್ಪ ಸಹಾಯವಾಯಿತು, ಜಾಸ್ತಿ ಅಲ್ಲ. ಎಷ್ಟೋ ಬನ್ನಿಮರಗಳು ಈಗಲೂ ನನ್ನ ನಕ್ಷೆಯಲ್ಲಿಲ್ಲ.

ಹೊಸದರ ನಿಖರತೆ ಶೇ 83. ಮೊದಲಿಗಿಂತ ಕಡಿಮೆ ಆಗಿದೆಯಲ್ಲ ಎಂದು ಮೀಟಿಂಗಿನಲ್ಲಿ ಕೇಳಿದರು. ವಿವರಿಸಿದೆ. ಪೂರ್ತಿ ಒಪ್ಪಿದರೋ ಇಲ್ಲವೋ, ಕೆಲಸ ಮುಂದೆ ಹೋಯಿತು. ದಿಬ್ಬಗಳ ನಡುವಿನ ಹಳ್ಳಗಳನ್ನು ಅಳಿಸಿದೆ. "ದಂಡೆಯ ಕಾಡು" ತೆಗೆದು ಜಾಲಿ ಎಂದೇ ಬರೆದೆ. ನದಿಗೆ ನೀಲಿ ತೆಗೆದು ಮರಳಿನ ಬಣ್ಣ ಕೊಟ್ಟೆ.

ಎರಡು ದಿನ ಬಿಟ್ಟು ಆಫೀಸಿನಿಂದ ಒಂದು ಸಾಲಿನ ಮೇಲ್ ಬಂತು. "ನಕ್ಷೆ ಚೆನ್ನಾಗಿದೆ. ಆದರೆ ನದಿ ಕಾಣಿಸುತ್ತಿಲ್ಲ, ದಯವಿಟ್ಟು ಚೆಕ್ ಮಾಡಿ."