42 ಗ್ರಾಂ ಬ್ಲ್ಯಾಂಕ್ ಕೈಗೆ ಭಾರವಾಗಿದ್ದು ಯಾಕೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ನಾನು ಮೀನು ಹಿಡಿಯುವ ರಾಡ್ ಕಟ್ಟುತ್ತೇನೆ. ಅದಕ್ಕೂ ಮೊದಲು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದೆ. ತಾಮ್ರದ ತಂತಿ ಸುತ್ತಿದ ಕೈಗೆ ರಾಡ್‌ಗೆ ದಾರ ಸುತ್ತಿ ರಿಂಗ್ ಕೂರಿಸುವ ಕೆಲಸ ಬೇಗ ಕೂತಿತು. ಆದರೆ ಅಲ್ಲಿನ ಇನ್ನೊಂದು ರೂಢಿಯೂ ಜೊತೆಗೇ ಬಂದಿತ್ತು.

ಧಾರವಾಡದ ಗಿರಾಕಿಯೊಬ್ಬರು ಫ್ಲೈ ರಾಡ್ ಬೇಕೆಂದು ಬಂದರು. ಫ್ಲೈ ಅಂದರೆ ಹುಳದ ಹಾಗೆ ಕಾಣುವ ಹಗುರ ಗಾಳ, ಅದನ್ನು ಬೀಸಿ ಎಸೆಯುವ ರಾಡ್ ಇದು. ಅವರಿಗೆ ಭುಜದ ನೋವು. "ಎಷ್ಟು ಹಗುರ ಆಗ್ತದೋ ಅಷ್ಟು ಹಗುರ ಮಾಡ್ರಿ" ಅಂದರು. 9 ಅಡಿ, ನಾಲ್ಕು ತುಂಡು, 5ನೇ ನಂಬರ್ ಲೈನ್, ಅಂದರೆ ಬೀಸುವ ದಾರ. ನನ್ನ ಮುಂದೆ ಎರಡು ಬ್ಲ್ಯಾಂಕ್ ಇದ್ದವು. ಬ್ಲ್ಯಾಂಕ್ ಅಂದರೆ ಹಿಡಿ, ಲೈನ್ ಹಾಯುವ ರಿಂಗ್ ಏನೂ ಇಲ್ಲದ ಬರೀ ಕಾರ್ಬನ್ ಕೋಲು. ಒಂದು 50 ಗ್ರಾಂ, ಇನ್ನೊಂದು 42. ಬೆಲೆ ಜಾಸ್ತಿ ಇದ್ದರೂ 42ರದ್ದನ್ನೇ ತೆಗೆದುಕೊಂಡೆ.

ರಾಡ್ ಸಿದ್ಧವಾದ ದಿನ ಅವರು ಗಾಳದ ಬದಲು ಉಣ್ಣೆಯ ತುಣುಕು ಕಟ್ಟಿ ಮೈದಾನದಲ್ಲಿ ಬೀಸಿ ನೋಡಿದರು. ಇಪ್ಪತ್ತು ಸಲ ಬೀಸಿರಬಹುದು. ರಾಡನ್ನು ಗೋಡೆಗೆ ಆನಿಸಿ ಮಣಿಕಟ್ಟು ತಿಕ್ಕಿಕೊಂಡರು. "ನನ್ನ ಹಳೇ ರಾಡೇ ಹಗುರ ಅನಸ್ತದಲ್ರೀ" ಅಂದರು. ನನಗೆ ಭಾಳ ಬೇಜಾರಾಯಿತು.

ರಾತ್ರಿ ಕೂತು ತುದಿಯ ತುಂಡನ್ನಷ್ಟೇ ತೂಗಿದೆ. ಖಾಲಿ ಇದ್ದಾಗ ನಾಲ್ಕೂವರೆ ಗ್ರಾಂ ಇದ್ದದ್ದು ಈಗ 9 ಆಗಿತ್ತು! ಎರಡು ಕಾಲಿನ ಸೆರಾಮಿಕ್ ರಿಂಗ್ ಹಾಕಿದ್ದೆ. ಸುತ್ತಿದ ದಾರದ ಮೇಲೆ ದಪ್ಪ ಎಪಾಕ್ಸಿ, ಅಂದರೆ ಗಟ್ಟಿಯಾಗುವ ಅಂಟು. ಮೋಟಾರ್ ಕಾಯಿಲ್‌ಗೆ ವಾರ್ನಿಷ್ ಚೆನ್ನಾಗಿ ಕುಡಿಸಬೇಕು, ಅದೇ ಕೈ ಇಲ್ಲೂ ಓಡಿತ್ತು.

ಹಿಂಗಾರಿ ಜೋಳದ ದಂಟನ್ನು ಬುಡದಲ್ಲಿ ಹಿಡಿದು ಬೀಸಿ ನೋಡಿ. ಆಮೇಲೆ ತೆನೆ ಮುರಿದು ಬೀಸಿ. ತೆನೆ ಹೋದ ಕೂಡಲೇ ಕೈ ಎಷ್ಟು ಸಲೀಸಾಗುತ್ತದೆ ಅಲ್ವಾ? ಅದೇ ತೂಕವನ್ನು ಬುಡದ ಹತ್ತಿರ ಕಟ್ಟಿದರೆ ಗೊತ್ತೇ ಆಗುವುದಿಲ್ಲ. ಕೈಯಿಂದ ದೂರ ಎರಡು ಪಟ್ಟಾದರೆ ಬೀಸುವಾಗ ಅದೇ ಒಂದು ಗ್ರಾಂ ನಾಲ್ಕು ಪಟ್ಟು ಅಡ್ಡ ಬರುತ್ತದೆ. ಬೇರೆ ರಾಡ್‌ಗಳಲ್ಲಿ ದಾರಕ್ಕೆ ಕಟ್ಟಿದ ಗುಂಡಿನ ಭಾರಕ್ಕೆ ದಾರ ಹೋಗುತ್ತದೆ, ಒಮ್ಮೆ ಎಸೆದು ಕೂತರಾಯಿತು. ಫ್ಲೈಗೆ ತೂಕವೇ ಇಲ್ಲ, ಇಲ್ಲಿ ಲೈನೇ ಭಾರ. 5ನೇ ನಂಬರ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ. ಅದನ್ನು ಗಂಟೆಗಟ್ಟಲೆ ಹಿಂದೆ ಮುಂದೆ ಬೀಸುತ್ತಲೇ ಇರಬೇಕು.

ತುದಿಯ ರಿಂಗ್‌ಗಳನ್ನೆಲ್ಲ ಬಿಚ್ಚಿದೆ. ಎಪಾಕ್ಸಿಯನ್ನು ಬಿಸಿ ಮಾಡಿ, ಉಗುರಿನಿಂದ ಮೆಲ್ಲಗೆ ಸುಲಿದೆ. ಬ್ಲೇಡ್ ಮುಟ್ಟಿಸಲಿಲ್ಲ. ಇಂಥ ಹಗುರ ಬ್ಲ್ಯಾಂಕ್‌ನ ಗೋಡೆ ತೆಳು, ಒಂದು ಗೀರು ಬಿದ್ದರೆ ಮುಂದೆ ಅಲ್ಲೇ ಮುರಿಯುತ್ತದೆ. ಒಂಟಿ ಕಾಲಿನ ಸಣ್ಣ ತಂತಿ ರಿಂಗ್ ಹಾಕಿ, ತೆಳುವಾಗಿ ಒಂದೇ ಸಲ ಎಪಾಕ್ಸಿ ಹಚ್ಚಿದೆ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಕಲಸಿದೆ. ತುದಿ 6 ಗ್ರಾಂಗೆ ಇಳಿಯಿತು.

ಈಗ ಬ್ಲ್ಯಾಂಕ್ ಆರಿಸುವಾಗ ಒಟ್ಟು ತೂಕ ಆಮೇಲೆ ಕೇಳುತ್ತೇನೆ. ಮೊದಲು ತುದಿಯ ತುಂಡು ತೂಗುತ್ತೇನೆ. ಹಾಕಬೇಕಾದ ರಿಂಗ್‌ಗಳನ್ನು ಟೇಪ್‌ನಿಂದ ಅಂಟಿಸಿ, ಬುಡ ಹಿಡಿದು ಅಲ್ಲಾಡಿಸುತ್ತೇನೆ. ತುದಿ ಬೇಗ ನಿಂತರೆ ಸರಿ. ತೂಗಾಡುತ್ತಲೇ ಇದ್ದರೆ ಪಕ್ಕಕ್ಕಿಡುತ್ತೇನೆ, ಅದು ಎಷ್ಟೇ ಹಗುರ ಇರಲಿ.

ಆ ಗಿರಾಕಿ ಮತ್ತೆ ಬಂದು ಅರ್ಧ ಗಂಟೆ ಬೀಸಿದರು. ಈ ಸಲ ಮಣಿಕಟ್ಟು ಮುಟ್ಟಿಕೊಳ್ಳಲಿಲ್ಲ.